ಸಂಘದ ಸಾಮಾನು ಇಡಲು ಅಗ್ಗದ ಜಾಗ ಯಾವುದು? ತಪ್ಪು ಕಲ್ಪನೆಗಳು ಮತ್ತು ಸತ್ಯ

ಬೆಳಗಾವಿ–ಖಾನಾಪುರ ಭಾಗದಲ್ಲಿ ಹವ್ಯಾಸಿ ಸಂಘಗಳಿಗೆ ಬರವಿಲ್ಲ. ಗಲ್ಲಿಗೊಂದು ಗಣೇಶೋತ್ಸವ ಮಂಡಳ, ಊರಿಗೊಂದು ಭಜನಾ ಮಂಡಳಿ, ಜಾತ್ರೆಗೆ ನಾಟಕ ಆಡುವ ಹುಡುಗರ ತಂಡ, ಢೋಲ್-ತಾಶಾ ಪಥಕ, ಘಟ್ಟದ ಸೆರಗಿನಲ್ಲಿ ಚಾರಣ ಮಾಡುವವರು, ಸೈಕಲ್ ತುಳಿಯುವವರು, ಹಕ್ಕಿ ನೋಡುವವರು ಎಲ್ಲರೂ ಇದ್ದಾರೆ. ಪಟ್ಟಿ ಎತ್ತಿ, ಬಹುಮಾನದ ಹಣ ಕೂಡಿಟ್ಟು, ಊರ ಹಿರಿಯರಿಂದ ದೇಣಿಗೆ ಪಡೆದು ಇವರು ಸಾಮಾನು ಮಾಡಿಕೊಳ್ಳುತ್ತಾರೆ. ಢೋಲು, ಹಾರ್ಮೋನಿಯಂ, ಪರದೆ, ಸ್ಪೀಕರ್, ಟೆಂಟ್, ಹಗ್ಗ, ದುರ್ಬೀನು ಹೀಗೆ ಒಂದೊಂದಾಗಿ ಸೇರುತ್ತವೆ. ಕೊಳ್ಳುವ ದಿನ ಎಲ್ಲರೂ ಇರುತ್ತಾರೆ. ಇಡುವುದೆಲ್ಲಿ ಎಂಬ ಪ್ರಶ್ನೆ ಬಂದಾಗ ಮಾತ್ರ ಉತ್ತರ ಅವಸರದಲ್ಲಿ ಹುಟ್ಟುತ್ತದೆ.

ಆ ಅವಸರದ ಉತ್ತರಗಳೇ ವರ್ಷಗಳು ಕಳೆದಂತೆ ನಂಬಿಕೆಗಳಾಗಿ ಬೇರು ಬಿಟ್ಟಿವೆ. ಇವುಗಳನ್ನು ತಿದ್ದಿಕೊಳ್ಳದಿದ್ದರೆ ಊರು ಕೊಟ್ಟ ಹಣ ಪ್ರತಿ ಮಳೆಗಾಲದಲ್ಲೂ ಸ್ವಲ್ಪ ಸ್ವಲ್ಪವಾಗಿ ಕೊಳೆಯುತ್ತದೆ. ನಮ್ಮ ಭಾಗದಲ್ಲಿ ಜಾಗದ ಬೆಲೆಯನ್ನು ನಿಜವಾಗಿ ತೀರ್ಮಾನಿಸುವುದು ಮನೆ ಮಾಲೀಕನಿಗಿಂತ ಹೆಚ್ಚಾಗಿ ಮಳೆ. ಇದೊಂದನ್ನು ಒಪ್ಪಿಕೊಂಡರೆ ಉಳಿದ ತಪ್ಪುಗಳು ತಾವಾಗಿ ಕಣ್ಣಿಗೆ ಬೀಳುತ್ತವೆ.

ತಪ್ಪು ಕಲ್ಪನೆ 1: ಬಾಡಿಗೆ ಕಡಿಮೆ ಇದ್ದರೆ ಅದೇ ಅಗ್ಗದ ಜಾಗ

ಸತ್ಯ: ಬಾಡಿಗೆ ವೆಚ್ಚದ ಒಂದು ಭಾಗ ಮಾತ್ರ. ಸಾಗಾಟದ ಖರ್ಚು ಮತ್ತು ವರ್ಷದಲ್ಲಿ ಕೆಟ್ಟ ಸಾಮಾನಿನ ಬೆಲೆ ಎರಡನ್ನೂ ಅದಕ್ಕೆ ಕೂಡಿಸಬೇಕು.

ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ ಹಿಡಿಯೋಣ. ಚಾರಣ ತಂಡವೊಂದು ತಿಂಗಳಿಗೆ 500 ರೂಪಾಯಿಗೆ ಪತ್ರಾಸ್ ಶೆಡ್ ಹಿಡಿದಿದೆ ಎನ್ನಿ. ವರ್ಷಕ್ಕೆ 6,000 ರೂಪಾಯಿ ಆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ತಲಾ 4,000 ರೂಪಾಯಿಯ ಎರಡು ಟೆಂಟ್, 2,000 ರೂಪಾಯಿಯ ಹಾಸಿಗೆಗಳು ಬೂಷ್ಟು ಹಿಡಿದು ಹಾಳಾದರೆ ನಷ್ಟ 10,000. ಅಲ್ಲಿಗೆ ಶೆಡ್ಡಿನ ನಿಜವಾದ ಬೆಲೆ 16,000 ರೂಪಾಯಿ. ಅದೇ ಊರಿನಲ್ಲಿ ಮೊದಲ ಮಹಡಿಯ ಒಣ ಖೋಲಿ ತಿಂಗಳಿಗೆ 1,200 ರೂಪಾಯಿಗೆ ಸಿಕ್ಕರೆ ವರ್ಷಕ್ಕೆ 14,400. ಸಣ್ಣಪುಟ್ಟ ಹಾನಿ 1,000 ಸೇರಿದರೂ 15,400. ಆ ಖೋಲಿಯನ್ನು ಎರಡು ಸಂಘಗಳು ಹಂಚಿಕೊಂಡರೆ, ಬಾಡಿಗೆಯ ಅರ್ಧ ಮತ್ತು ತಮ್ಮ ಹಾನಿಯ 1,000 ಸೇರಿ ಒಬ್ಬೊಬ್ಬರ ಪಾಲಿಗೆ 8,200 ರೂಪಾಯಿ ಮಾತ್ರ. ದುಬಾರಿ ಎಂದು ಬಿಟ್ಟ ಖೋಲಿ ಈಗ ಶೆಡ್ಡಿನ ಹೆಚ್ಚುಕಡಿಮೆ ಅರ್ಧ ಬೆಲೆಗೆ ಬಂದು ನಿಂತಿತು.

ಬಾಡಿಗೆ ಮಾತನಾಡುವಾಗ ಇನ್ನೊಂದು ವಿಷಯವನ್ನೂ ಕೇಳಿಕೊಳ್ಳಬೇಕು. ಮಾಲೀಕರು ಜಿಎಸ್‌ಟಿ ನೋಂದಣಿ ಇರುವವರಾಗಿದ್ದು, ಕೊಡುತ್ತಿರುವುದು ಅಂಗಡಿ ಅಥವಾ ಗೋದಾಮಾಗಿದ್ದರೆ ಬಾಡಿಗೆಯ ಮೇಲೆ ಶೇ. 18ರಷ್ಟು ತೆರಿಗೆ ಬೀಳುತ್ತದೆ. ನೋಂದಣಿ ಇಲ್ಲದ ಸಣ್ಣ ಮಾಲೀಕರ ಖೋಲಿ ಹಿಡಿದ ಸಂಘಕ್ಕೆ, ತನಗೂ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, ಈ ಹೊರೆ ಇಲ್ಲ.

ತಪ್ಪು ಕಲ್ಪನೆ 2: ಮೇಲಿನಿಂದ ಸೋರದಿದ್ದರೆ ಜಾಗ ಒಣಗಿದೆ ಎಂದರ್ಥ

ಸತ್ಯ: ನೀರು ಮಾಡಿನಿಂದ ಮಾತ್ರ ಬರುವುದಿಲ್ಲ. ಗೋಡೆ, ನೆಲ, ಗಾಳಿ, ನೆರೆ ಎಲ್ಲದರಿಂದಲೂ ಬರುತ್ತದೆ.

ಮೊದಲು ಗೋಡೆ. ನೈಋತ್ಯ ಮಾರುತದ ಮಳೆ ನಮ್ಮಲ್ಲಿ ಪಶ್ಚಿಮ ಮತ್ತು ನೈಋತ್ಯದ ಗೋಡೆಗಳಿಗೆ ಅಪ್ಪಳಿಸುತ್ತದೆ. ಖಾನಾಪುರದ ಕಡೆ ಹಳೆಯ ಮನೆಗಳಲ್ಲಿ ಕಾಣುವ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೈತುಂಬ ಸಣ್ಣ ರಂಧ್ರಗಳು. ಗಿಲಾವು ಇಲ್ಲದ ಅಂಥ ಗೋಡೆ ನೀರು ಕುಡಿದು ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಒಂದೇ ಕಟ್ಟಡದಲ್ಲಿ ಎರಡು ಖೋಲಿ ಖಾಲಿ ಇದ್ದರೆ ಪೂರ್ವದ ಕಡೆಯದನ್ನು ಹಿಡಿಯುವುದು ಜಾಣತನ. ಸಾಮಾನನ್ನು ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಜೋಡಿಸಬೇಕು. ನೆಲದಿಂದಲೂ ಅಷ್ಟೇ ಎತ್ತರ ಬೇಕು. ಹಸಿ ನೆಲದಿಂದ ತೇವ ಏರುತ್ತದೆ, ಗೆದ್ದಲೂ ಅದೇ ದಾರಿಯಲ್ಲಿ ಬರುತ್ತದೆ. ಕಬ್ಬಿಣದ ಕಪಾಟು ಇಲ್ಲದಿದ್ದರೆ ಇಟ್ಟಿಗೆ ಸಾಲಿನ ಮೇಲೆ ಕಲ್ಲಿನ ಫರಸಿ ಹಾಸಿದರೂ ಸಾಕು.

ಎರಡನೆಯದು ತಗಡಿನ ಮಾಡಿನ ಕೆಳಗಿನ ಗಾಳಿ. ಮಳೆಗಾಲದಲ್ಲಿ ಒಂದು ಹನಿಯೂ ಸೋರದ ಪತ್ರಾಸ್ ಶೆಡ್ ಅಕ್ಟೋಬರ್–ನವೆಂಬರಿನಲ್ಲಿ ಒಳಗಿನಿಂದಲೇ ತೊಟ್ಟಿಕ್ಕುವುದುಂಟು. ಮೋಡ ಸರಿದ ರಾತ್ರಿ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಬೇಗ ತಣ್ಣಗಾಗುತ್ತದೆ. ನೆಲವಿನ್ನೂ ಹಸಿಯಾಗಿರುವುದರಿಂದ ಶೆಡ್ಡಿನ ಗಾಳಿಯಲ್ಲಿ ತೇವ ತುಂಬಿರುತ್ತದೆ. ಆ ತೇವ ತಣ್ಣನೆಯ ತಗಡಿಗೆ ತಾಗಿ ನೀರಾಗಿ, ಬೆಳಗಿನ ಜಾವಕ್ಕೆ ಕೆಳಗಿರುವ ಢೋಲಿನ ಮೇಲೆ ಬೀಳುತ್ತದೆ. ಸಂಘದವರು ತೂತು ಹುಡುಕುತ್ತಾರೆ, ತೂತು ಸಿಗುವುದಿಲ್ಲ. ಹೆಂಚಿನ ಮಾಡಿನಲ್ಲಿ ಈ ತೊಂದರೆ ಬಹಳ ಕಡಿಮೆ. ಹೆಂಚುಗಳ ಸಂದಿನಲ್ಲಿ ಗಾಳಿ ಆಡುತ್ತದೆ, ಸುಟ್ಟ ಮಣ್ಣು ತುಸು ತೇವವನ್ನು ಹೀರಿಕೊಂಡು ಮತ್ತೆ ಬಿಡುತ್ತದೆ. ಹೆಂಚು, ಕುಂಬಾರಿಕೆಗಳಿಗೆ ಹೆಸರಾದ ಖಾನಾಪುರದಲ್ಲಿ ಹೆಂಚಿನ ಮನೆಯ ಅಟ್ಟಗಳು ಇನ್ನೂ ಉಳಿದಿವೆ. ಅಡುಗೆ ಮನೆಯ ಮೇಲಿನ ಅಟ್ಟದಲ್ಲಿ ನಮ್ಮ ಹಿರಿಯರು ಬಿತ್ತನೆ ಬೀಜ ಕಾಪಿಟ್ಟದ್ದು ಒಲೆಯ ಬಿಸಿಗೆ ಆ ಜಾಗ ಆಷಾಢದಲ್ಲೂ ಒಣಗಿರುತ್ತಿತ್ತು ಎಂಬ ಕಾರಣಕ್ಕೆ.

ಮೂರನೆಯದು ನೆರೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆ ಕಂಡ ಪ್ರವಾಹವನ್ನು ಯಾರೂ ಮರೆತಿಲ್ಲ. ಖೋಲಿ ಮಲಪ್ರಭೆಯ ದಂಡೆಗೆ ಸಮೀಪವಿದ್ದರೆ, ಅಥವಾ ಬೆಳಗಾವಿಯ ಬಳ್ಳಾರಿ ನಾಲೆ ಉಕ್ಕಿದಾಗ ನೀರು ನಿಲ್ಲುವ ತಗ್ಗಿನಲ್ಲಿದ್ದರೆ, ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದವರನ್ನು ಕೇಳಿ. ಗೋಡೆಯ ಮೇಲೆ ಅವರು ತೋರಿಸುವ ಗುರುತಿಗಿಂತ ಮೇಲೆ ನಿಮ್ಮ ಕಪಾಟಿನ ಮೊದಲ ಹಲಗೆ ಇರಬೇಕು. ಅದು ಆಗದಿದ್ದರೆ ಆ ಖೋಲಿ ಬೇಡ.

ತಪ್ಪು ಕಲ್ಪನೆ 3: ತಾಡಪತ್ರಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಸಾಕು

ಸತ್ಯ: ತಾಡಪತ್ರಿ ಹೊರಗಿನ ನೀರನ್ನು ತಡೆಯುವಷ್ಟೇ ಗಟ್ಟಿಯಾಗಿ ಒಳಗಿನ ತೇವವನ್ನೂ ಹಿಡಿದಿಡುತ್ತದೆ. ಪೊಟ್ಟಣ ಮುಚ್ಚಿದ ಡಬ್ಬಿಯಲ್ಲಿ ಕೆಲಸ ಮಾಡುತ್ತದೆ, ಖೋಲಿಯಲ್ಲಿ ಮಾಡುವುದಿಲ್ಲ.

ಕೈಗೆ ಒಣಗಿದಂತೆ ತೋರುವ ಹತ್ತಿ ಬಟ್ಟೆಯೊಳಗೂ ನೀರಿರುತ್ತದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವ ಹಿಡಿದಿರುತ್ತದೆ. 5 ಕಿಲೋ ತೂಕದ ಪರದೆಯಲ್ಲಿ 400 ಗ್ರಾಂ ನೀರು ಎಂದಾಯಿತು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಬೂಷ್ಟಿಗೆ ಬೇಕಾದ ನೀರನ್ನೂ ನೆಲೆಯನ್ನೂ ನಾವೇ ಒದಗಿಸಿದಂತೆ.

ಈಗ ಪೊಟ್ಟಣದ ಲೆಕ್ಕ. ಹತ್ತು ಅಡಿ ಉದ್ದ, ಅಗಲ, ಎತ್ತರದ ಖೋಲಿಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಜುಲೈ ತಿಂಗಳಲ್ಲಿ ಉಷ್ಣಾಂಶ 24 ಡಿಗ್ರಿ, ಆರ್ದ್ರತೆ ಶೇ. 90 ಎಂದು ಹಿಡಿದರೆ ಆ ಗಾಳಿಯಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ತುಂಬಿರುತ್ತದೆ. ಅದನ್ನು ಶೇ. 50ಕ್ಕೆ ಇಳಿಸಲು ಹೆಚ್ಚುಕಡಿಮೆ ಒಂದು ಕಿಲೋ ಸಿಲಿಕಾ ಜೆಲ್ ಬೇಕು. ಬಾಗಿಲ ಸಂದಿನಿಂದ ಗಾಳಿ ಬದಲಾದಂತೆ ಮತ್ತೆ ಮತ್ತೆ ಬೇಕಾಗುತ್ತದೆ. ಅದೇ 60 ಲೀಟರಿನ ಬಿಗಿ ಮುಚ್ಚಳದ ಪೆಟ್ಟಿಗೆಯ ಗಾಳಿಯಲ್ಲಿ ಇರುವ ನೀರು ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಅಲ್ಲಿ 50 ಗ್ರಾಮಿನ ಪೊಟ್ಟಣ ಚೆನ್ನಾಗಿ ದುಡಿಯುತ್ತದೆ. ತಿಂಗಳಿಗೊಮ್ಮೆ ಬಿಸಿ ಮಾಡಿ ತೇವ ಹಾರಿಸಿದರೆ ಅದೇ ಪೊಟ್ಟಣ ಮತ್ತೆ ಬಳಕೆಗೆ ಬರುತ್ತದೆ.

ಆದ್ದರಿಂದ ಸಾಮಾನನ್ನು ಎರಡು ಪಾಲು ಮಾಡಿ. ದುರ್ಬೀನು, ಕ್ಯಾಮೆರಾ ಲೆನ್ಸ್, ಮೈಕ್, ವೈರ್‌ಲೆಸ್ ಉಪಕರಣಗಳು ಬಿಗಿ ಮುಚ್ಚಳದ ಪೆಟ್ಟಿಗೆಗೆ ಹೋಗಲಿ. ಪರದೆ, ವೇಷಭೂಷಣ, ಟೆಂಟ್, ಢೋಲು ಗಾಳಿಯಾಡುವಂತೆ ತೆರೆದ ಕಪಾಟಿನಲ್ಲಿರಲಿ, ಮೇಲೊಂದು ಹತ್ತಿ ಬಟ್ಟೆ ಹೊದಿಸಿದರೆ ಸಾಕು. ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತೆ ಅಳೆಯುವ ಮಾಪಕವೊಂದನ್ನು ಖೋಲಿಯಲ್ಲಿ ತೂಗುಹಾಕಿ. ಅಂಕಿ ಶೇ. 65–70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬರುವ ಕಾಲ ಬಂತೆಂದು ತಿಳಿಯಬೇಕು. ಮಳೆ ಬಿಟ್ಟ ಬಿಸಿಲಿನ ದಿನ ಬಾಗಿಲು, ಕಿಟಕಿ ತೆರೆದು ಗಾಳಿ ಹಾಯಿಸಿ. ಮಳೆ ಸುರಿಯುವಾಗ ತೆರೆದಿಟ್ಟರೆ ಹೊರಗಿನ ತೇವವನ್ನು ಒಳಗೆ ಕರೆದಂತಾಗುತ್ತದೆ.

ತಪ್ಪು ಕಲ್ಪನೆ 4: ಬಳಸುವ ಸ್ಥಳಕ್ಕೆ ಹತ್ತಿರದಲ್ಲೇ ಇಡುವುದು ಲಾಭ

ಸತ್ಯ: ಖಾನಾಪುರ ತಾಲ್ಲೂಕಿನಲ್ಲಿ ಪಶ್ಚಿಮಕ್ಕೆ ಒಂದೊಂದು ಗಾವುದ ಹೋದಂತೆ ಮಳೆಯೇ ಬೇರೆ.

ಚಾರಣದವರ ಮಾತು ಕೇಳಿದರೆ ಜಾಂಬೋಟಿಯಲ್ಲೋ ಕಣಕುಂಬಿಯಲ್ಲೋ ಒಂದು ಖೋಲಿ ಹಿಡಿದರೆ ಪ್ರತಿ ಸಲ ಬೆಳಗಾವಿಯಿಂದ ಹೊರೆ ಹೊರುವುದು ತಪ್ಪುತ್ತದೆ ಎನಿಸುತ್ತದೆ. ಹಳ್ಳಿಯಲ್ಲಿ ಬಾಡಿಗೆಯೂ ಕಡಿಮೆ. ಆದರೆ ಕಣಕುಂಬಿ ಮಲಪ್ರಭೆ ಹುಟ್ಟುವ ಜಾಗ, ಘಟ್ಟದ ನೆತ್ತಿ. ಅದೇ ತಾಲ್ಲೂಕಿನ ಆಮಗಾಂವದಲ್ಲಿ 2010ರಲ್ಲಿ ಬಿದ್ದ ಮಳೆ 10,000 ಮಿಲಿಮೀಟರ್ ದಾಟಿತ್ತು. ಬೆಳಗಾವಿ ನಗರದ ಸರಾಸರಿ ಮಳೆ ಇದರ ಸಣ್ಣದೊಂದು ಪಾಲು. ಘಟ್ಟದ ನೆತ್ತಿಯ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಬಟ್ಟೆಯೇ ಒಣಗುವುದಿಲ್ಲ. ಅಂಥಲ್ಲಿ ಮುಚ್ಚಿದ ಖೋಲಿಯ ಟೆಂಟು ಉಳಿದೀತೆ?

ತಾಲ್ಲೂಕಿನ ಪೂರ್ವ ಭಾಗಕ್ಕೆ, ಬೀಡಿ, ಇಟಗಿ, ಪಾರಿಶ್ವಾಡದ ಕಡೆಗೆ ಬಂದರೆ ಮಳೆ ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಖಾನಾಪುರ ಪಟ್ಟಣ ಇವೆರಡರ ನಡುವೆ ಇದೆ. ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್, ರೈಲೂ ಉಂಟು, ರಾಷ್ಟ್ರೀಯ ಹೆದ್ದಾರಿ 748 ಕೂಡ ಉಂಟು. ಚಾರಣದ ಹಂಗಾಮು ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಎಂದಾದರೆ ಆ ತಿಂಗಳುಗಳಲ್ಲಿ ಬೇಕಾದಷ್ಟು ಸಾಮಾನನ್ನು ಘಟ್ಟದ ಊರಿನಲ್ಲಿ ಇಡಬಹುದು. ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ಪೂರ್ವಕ್ಕೆ ಅಥವಾ ನಗರಕ್ಕೆ ತಂದುಬಿಡಬೇಕು. ಒಂದು ಟೆಂಪೋ ಬಾಡಿಗೆ ಒಂದು ಟೆಂಟಿನ ಬೆಲೆಗಿಂತ ಹೆಚ್ಚಲ್ಲ.

ತಪ್ಪು ಕಲ್ಪನೆ 5: ಸರ್ಕಾರಿ ಗೋದಾಮಿನಲ್ಲಿ ಯಾರು ಬೇಕಾದರೂ ಅಗ್ಗವಾಗಿ ಸಾಮಾನು ಇಡಬಹುದು

ಸತ್ಯ: ಕೇಂದ್ರ ಉಗ್ರಾಣ ನಿಗಮ ಮತ್ತು ಕರ್ನಾಟಕ ರಾಜ್ಯ ಉಗ್ರಾಣ ನಿಗಮ ಎರಡೂ 1957ರಲ್ಲಿ ಹುಟ್ಟಿದ್ದು ರೈತರ ಬೆಳೆಗಾಗಿ. 1962ರ ಉಗ್ರಾಣ ನಿಗಮಗಳ ಕಾಯ್ದೆ ಅವುಗಳಿಗೆ ವಹಿಸಿರುವ ಕೆಲಸ ಕೃಷಿ ಉತ್ಪನ್ನ, ಬೀಜ, ಗೊಬ್ಬರ, ಕೃಷಿ ಸಲಕರಣೆ ಮತ್ತು ಸರ್ಕಾರ ಅಧಿಸೂಚಿಸಿದ ಸರಕುಗಳನ್ನು ಕಾಪಿಡುವುದು. ನಾಟಕದ ಪರದೆ, ಢೋಲುಗಳು ಈ ಪಟ್ಟಿಗೆ ಸೇರುವಂಥವಲ್ಲ.

ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಗೋದಾಮಿನ ಮಾತು ಬೇರೆ. ಅದು ಆ ಸಂಘದ ಆಸ್ತಿ. ಆಡಳಿತ ಮಂಡಳಿ ಠರಾವು ಮಾಡಿ ಒಂದು ಮೂಲೆ ಕೊಟ್ಟೀತು. ಆದರೆ ಒಪ್ಪಿಕೊಳ್ಳುವ ಮೊದಲು ಅಲ್ಲಿ ಏನಿಡುತ್ತಾರೆ ಎಂದು ನೋಡಬೇಕು. ರಾಸಾಯನಿಕ ಗೊಬ್ಬರ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹತ್ತಿರದ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ. ಕಾಳಿಗೆ ಹುಳ ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಹೊರಡುವ ಫಾಸ್ಫೀನ್ ಅನಿಲ ಮನುಷ್ಯರಿಗೆ ಪ್ರಾಣಾಂತಕ. ಅದೇ ಅನಿಲ ತಾಮ್ರ, ಹಿತ್ತಾಳೆ, ಬೆಳ್ಳಿಯನ್ನು ತಿನ್ನುತ್ತದೆ. ಆಂಪ್ಲಿಫೈಯರಿನ ಒಳಗಿನ ತಂತಿ, ತಾಶೆಯ ತಾಮ್ರದ ಪಾತ್ರೆ, ಹಾರ್ಮೋನಿಯಂನ ಹಿತ್ತಾಳೆ ಸ್ವರಪಟ್ಟಿ ಎಲ್ಲಕ್ಕೂ ಅದು ಶತ್ರು. ಧೂಮೀಕರಣ ನಡೆಯುವ ಗೋದಾಮು ಉಚಿತವಾಗಿ ಸಿಕ್ಕರೂ ಸಂಗೀತದ ಸಾಮಾನಿಗೆ ಯೋಗ್ಯವಲ್ಲ.

ಹಾಗಾದರೆ ಎಲ್ಲಿ ಹುಡುಕುವುದು? ಹಳೆಯ ಗಲ್ಲಿಗಳಲ್ಲಿ ಮಕ್ಕಳು ಬೇರೆ ಊರಿಗೆ ಹೋಗಿ ಬೀಗ ಬಿದ್ದಿರುವ ಮೇಲಂತಸ್ತು, ಶಹಾಪುರ–ವಡಗಾವಿ ಕಡೆ ಮಗ್ಗ ನಿಂತ ಎತ್ತರದ ಖೋಲಿ, ಅಂಗಡಿಯ ಹಿಂಬದಿಯ ಮಾಳಿಗೆ, ದೇವಸ್ಥಾನದ ಟ್ರಸ್ಟಿನ ಸಭಾಗೃಹದ ಪಕ್ಕದ ಕೋಣೆ. ಇಂಥ ಜಾಗಗಳು ಜಾಹೀರಾತಿನಲ್ಲಿ ಬರುವುದಿಲ್ಲ. ಓಣಿಯ ಹಿರಿಯರಿಗೆ ಗೊತ್ತಿರುತ್ತವೆ. ಕೇಳಿದರೆ ಸಿಗುತ್ತವೆ.

ತಪ್ಪು ಕಲ್ಪನೆ 6: ಬಳಸದೆ ಇಟ್ಟ ಸಾಮಾನು ಹಾಗೇ ಇರುತ್ತದೆ

ಸತ್ಯ: ಕೆಲವು ಸಾಮಾನು ಬಳಕೆಯಿಂದ ಸವೆಯುವುದಕ್ಕಿಂತ ಹೆಚ್ಚಾಗಿ ತಪ್ಪಾಗಿ ಇಟ್ಟದ್ದರಿಂದ ಸಾಯುತ್ತದೆ.

ಬಂಡೆ ಏರುವ ನೈಲಾನ್ ಹಗ್ಗದ ವಿಷಯದಲ್ಲಿ ಇದು ಜೀವದ ಪ್ರಶ್ನೆ. ನೈಲಾನಿಗೆ ಆಮ್ಲ ತಾಗಿದರೆ ಒಳಗಿನ ಎಳೆ ಶಕ್ತಿ ಕಳೆದುಕೊಳ್ಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆದರೂ ಎಷ್ಟೋ ಖೋಲಿಗಳಲ್ಲಿ ಹಗ್ಗದ ಸುರುಳಿ ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲೇ ಇರುತ್ತದೆ. ಇದನ್ನು ಇಂದೇ ಬದಲಿಸಬೇಕು. ಹಗ್ಗ, ಸರಂಜಾಮು ಪಟ್ಟಿಗಳಿಗೆ ತಯಾರಕರು ಗರಿಷ್ಠ ಆಯುಷ್ಯ ಹೇಳಿರುತ್ತಾರೆ. ಹಲವು ಕಂಪನಿಗಳ ಪ್ರಕಾರ ಅದು 10 ವರ್ಷ, ಒಮ್ಮೆಯೂ ಬಳಸದಿದ್ದರೂ ಅಷ್ಟೇ. ಕೊಂಡ ವರ್ಷವನ್ನು ಹಗ್ಗದ ತುದಿಯ ಪಟ್ಟಿಯ ಮೇಲೆ ಬರೆದಿಡಬೇಕು.

ಟೆಂಟಿನ ಒಳಮೈಗೆ ನೀರು ತಡೆಯಲು ಹಚ್ಚಿರುವ ಪಾಲಿಯುರೆಥೇನ್ ಲೇಪನ ಬಿಸಿ ಮತ್ತು ತೇವಕ್ಕೆ ಒಡೆದು ಅಂಟಂಟಾಗುತ್ತದೆ, ವಾಸನೆ ಬರುತ್ತದೆ. ಆ ಹಂತ ತಲುಪಿದ ಟೆಂಟ್ ಮತ್ತೆ ಸರಿಹೋಗುವುದಿಲ್ಲ. ಅದನ್ನು ಪೂರ್ತಿ ಒಣಗಿಸಿ, ಬಿಗಿಯಾಗಿ ತುರುಕದೆ, ಸಡಿಲ ಹತ್ತಿ ಚೀಲದಲ್ಲಿ ಇಡಬೇಕು. ಚರ್ಮದ ಹೊದಿಕೆಯ ಡೊಳ್ಳು, ಢೋಲಕ್‌ಗಳ ಹಗ್ಗ ಸಡಿಲಿಸಿ ಇಡಬೇಕು. ತೇವಕ್ಕೆ ಹಿಗ್ಗಿ, ಬೇಸಿಗೆಗೆ ಕುಗ್ಗುವ ಚರ್ಮವನ್ನು ಬಿಗಿದೇ ಇಟ್ಟರೆ ಬೇಸಿಗೆಯಲ್ಲಿ ಅದು ಸೀಳುತ್ತದೆ.

ನಾಟಕದ ಬಣ್ಣದ ಪರದೆಗಳ ಬಗ್ಗೆ ಬೆಳಗಾವಿ ಜಿಲ್ಲೆಗೆ ವಿಶೇಷ ಕಾಳಜಿ ಇರಬೇಕು. ಏಣಗಿ ಬಾಳಪ್ಪನವರಂಥ ಮಹಾನಟರನ್ನು ಕೊಟ್ಟ ನೆಲವಿದು. ಅವರ ಕಲಾವೈಭವ ನಾಟ್ಯ ಸಂಘದ ಕಾಲದ ಕಂಪನಿ ನಾಟಕಗಳಲ್ಲಿ ಅರಮನೆ, ಬೀದಿ, ಕಾಡು ಎಲ್ಲವೂ ಪರದೆಯ ಮೇಲೆಯೇ ಇರುತ್ತಿದ್ದವು. ಅಂಥ ಪರದೆ ಇನ್ನೂ ಇಟ್ಟುಕೊಂಡಿರುವ ತಂಡಗಳು ಅದನ್ನು ಮಡಿಚಬಾರದು. ಮಡಿಕೆಯ ಗೆರೆಯಲ್ಲಿ ಬಣ್ಣ ಬಿರಿದು ಉದುರುತ್ತದೆ. ದಪ್ಪ ಕೊಳವೆಗೋ ಬಿದಿರಿಗೋ ಬಟ್ಟೆ ಸುತ್ತಿ, ಅದರ ಮೇಲೆ ಬಣ್ಣದ ಮೈ ಹೊರಗೆ ಬರುವಂತೆ ಪರದೆಯನ್ನು ಸುತ್ತಿ, ಅಡ್ಡಲಾಗಿ ಎರಡು ತುದಿಯಲ್ಲಿ ತೂಗಬೇಕು. ಹೀಗಾಗಿ ಖೋಲಿ ಹುಡುಕುವಾಗ ಚದರಡಿಗಿಂತ ಮೊದಲು ಉದ್ದ ಅಳೆಯಬೇಕು. ಇಪ್ಪತ್ತು ಅಡಿಯ ಪರದೆಗೆ ಹತ್ತು ಅಡಿಯ ಖೋಲಿ ಉಚಿತವಾದರೂ ಉಪಯೋಗವಿಲ್ಲ.

ಬ್ಯಾಟರಿಗಳಿಗೂ ಬೇರೆ ಬೇರೆ ನಿಯಮ. ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್ ಮಾಡಿ ಇಡಬೇಕು. ಆಮ್ಲದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಆಗಾಗ ಮತ್ತೆ ತುಂಬಿಸುತ್ತಿರಬೇಕು. ಜನರೇಟರಿನ ಪೆಟ್ರೋಲ್ ಬಸಿದು ತೆಗೆಯದೆ ಖೋಲಿಗೆ ತರಬಾರದು.

ತಪ್ಪು ಕಲ್ಪನೆ 7: ನಮ್ಮವರ ಮನೆ, ಕಾಗದಪತ್ರ ಯಾಕೆ?

ಸತ್ಯ: ನಂಬಿಕೆ ಉಳಿಯಬೇಕಾದರೇ ಕಾಗದ ಬೇಕು. ಜವಾಬ್ದಾರಿ ಯಾರದು ಎಂಬುದನ್ನು ಕಾನೂನು ನಾವು ಅಂದುಕೊಂಡಂತೆ ಹಂಚುವುದಿಲ್ಲ.

ಸದಸ್ಯರೊಬ್ಬರು ದುಡ್ಡು ಪಡೆಯದೆ ಸಂಘದ ಸ್ಪೀಕರುಗಳನ್ನು ತಮ್ಮ ಸುಪರ್ದಿಯಲ್ಲಿ ಇಟ್ಟುಕೊಂಡಿದ್ದಾರೆ ಎನ್ನೋಣ. ಬಾಡಿಗೆ ಇಲ್ಲ, ಆದ್ದರಿಂದ ಹೊಣೆಯೂ ಇಲ್ಲ ಎಂದು ಅವರೂ ಸಂಘವೂ ತಿಳಿದಿರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಂ ಪ್ರಕಾರ ಬೇರೆಯವರ ವಸ್ತುವನ್ನು ಒಪ್ಪಿಸಿಕೊಂಡವರು, ಹಣ ಪಡೆದಿರಲಿ ಬಿಡಲಿ, ಸಾಮಾನ್ಯ ವಿವೇಕಿಯೊಬ್ಬ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರ ವಹಿಸಲೇಬೇಕು. ಉಪಕಾರ ಮಾಡಿದವರ ತಲೆಯ ಮೇಲೆ ಗೊತ್ತಿಲ್ಲದೆ ಹೊರೆ ಹೊರಿಸುವುದು ಸಂಘಕ್ಕೆ ಶೋಭೆಯಲ್ಲ. ಯಾವ ಹಾನಿಗೆ ಯಾರು ಹೊಣೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಸ್ನೇಹ ಉಳಿಯುತ್ತದೆ. ಇನ್ನೊಂದು ಕಡೆ, ಖೋಲಿ ಬಾಡಿಗೆಗೆ ಹಿಡಿದು ಕೀಲಿಕೈ ಸಂಘವೇ ಇಟ್ಟುಕೊಂಡಿದ್ದರೆ ಸಾಮಾನನ್ನು ಮಾಲೀಕರಿಗೆ ಒಪ್ಪಿಸಿದಂತಾಗುವುದಿಲ್ಲ. ಕಳವಾದರೆ ಅವರನ್ನು ಕೇಳುವಂತಿಲ್ಲ.

ವಿಮೆಯ ವಿಷಯದಲ್ಲೂ ಇದೇ ಗೊಂದಲ. ಮನೆ ಮಾಲೀಕರ ವಿಮೆ ಅವರ ಕಟ್ಟಡ ಮತ್ತು ಅವರ ವಸ್ತುಗಳಿಗೆ. ಸಂಘದ ಸಾಮಾನಿಗೆ ಸಂಘವೇ ಪಾಲಿಸಿ ಮಾಡಿಸಬೇಕು. ಸಾಮಾನ್ಯವಾಗಿ ಕನ್ನಗಳವಿನ ಪಾಲಿಸಿಯಲ್ಲಿ ಬಲವಂತವಾಗಿ ಒಳನುಗ್ಗಿದ ಗುರುತು ಬೇಕು. ಕೀಲಿ ಹಾಕದ ಖೋಲಿಯಿಂದ ಮೈಕ್ ಕಾಣೆಯಾದರೆ ಪರಿಹಾರ ಕಷ್ಟ. ಪಾಲಿಸಿ ಮಾಡಿಸಿದರೂ ಇಲ್ಲದಿದ್ದರೂ ಪ್ರತಿ ಸಾಮಾನಿನ ಫೋಟೋ, ಬಿಲ್ಲು, ಕ್ರಮಸಂಖ್ಯೆ ಒಂದು ವಹಿಯಲ್ಲಿ ಇರಲಿ.

ತಪ್ಪು ಕಲ್ಪನೆ 8: 11 ತಿಂಗಳ ಬಾಂಡ್ ಮಾಡಿದರೆ ಎಲ್ಲವೂ ಭದ್ರ

ಸತ್ಯ: 11 ತಿಂಗಳ ಕರಾರು ತಪ್ಪಿಸುವುದು ನೋಂದಣಿಯನ್ನು ಮಾತ್ರ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಪತ್ರ, ಅಥವಾ ವರ್ಷದ ಲೆಕ್ಕದಲ್ಲಿ ಬಾಡಿಗೆ ಗೊತ್ತುಮಾಡಿದ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. 11 ತಿಂಗಳಿನದಕ್ಕೂ ಮುದ್ರಾಂಕ ಶುಲ್ಕ ಕಟ್ಟಬೇಕು. ನೋಟರಿಯ ಮೊಹರು ನೋಂದಣಿಗೆ ಸಮವಲ್ಲ. ಬರಹದ ಕರಾರೇ ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಅದು ತಿಂಗಳ ಬಾಡಿಗೆ ಎನಿಸಿಕೊಳ್ಳುತ್ತದೆ. 15 ದಿನದ ನೋಟಿಸಿನಲ್ಲಿ ಖಾಲಿ ಮಾಡಿಸಬಹುದು. ಆ 15 ದಿನ ಜುಲೈ ತಿಂಗಳಲ್ಲಿ ಬಂದರೆ ಸಂಘದ ಗತಿ ಏನು? ಮಳೆಗಾಲದ ನಡುವೆ ಖಾಲಿ ಮಾಡಿಸುವಂತಿಲ್ಲ, ಮೂರು ತಿಂಗಳ ಮುನ್ಸೂಚನೆ ಬೇಕು ಎಂಬ ಷರತ್ತು ಕರಾರಿನಲ್ಲಿ ಇರಲೇಬೇಕು.

ಕರಾರು ಯಾರ ಹೆಸರಿನಲ್ಲಿ ಎಂಬುದೂ ಮುಖ್ಯ. ನೋಂದಣಿಯಾಗದ ಸಂಘದ ಖೋಲಿ ಯಾರೋ ಒಬ್ಬ ಸದಸ್ಯರ ಹೆಸರಿನಲ್ಲಿರುತ್ತದೆ. ಅವರು ಊರು ಬಿಟ್ಟರೆ, ಮನಸ್ತಾಪವಾದರೆ ಖೋಲಿಯೂ ಠೇವಣಿಯೂ ಅವರದೇ ಆಗಿ ಉಳಿಯುತ್ತವೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆಮೇಲೆ ಪ್ರತಿವರ್ಷ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸುವ ಶಿಸ್ತು ಬೇಕು. ಆ ಶಿಸ್ತು ಇಲ್ಲದಿದ್ದರೆ ನೋಂದಣಿಯೇ ತಲೆನೋವಾಗುತ್ತದೆ. ಇರುವ ಸಂಘಕ್ಕೆ ಮಾತ್ರ ಅದು ಬಲ.

ತಪ್ಪು ಕಲ್ಪನೆ 9: ಬೇರೆ ಸಂಘದ ಜೊತೆ ಜಾಗ ಹಂಚಿಕೊಂಡರೆ ಜಗಳ ಖಚಿತ

ಸತ್ಯ: ಜಗಳ ಬರುವುದು ನಿಯಮ ಇಲ್ಲದಿದ್ದಾಗ. ನಮ್ಮ ಭಾಗದ ಹವ್ಯಾಸಗಳ ಕಾಲಚಕ್ರ ನೋಡಿದರೆ ಹಂಚಿಕೆಗೆ ಇದಕ್ಕಿಂತ ಒಳ್ಳೆಯ ಊರು ಬೇರೆ ಇಲ್ಲ ಎನಿಸುತ್ತದೆ. ಗಣೇಶ ಮಂಡಳದವರಿಗೂ ಢೋಲ್ ಪಥಕಕ್ಕೂ ಆಗಸ್ಟ್–ಸೆಪ್ಟೆಂಬರಿನಲ್ಲಿ ಸಾಮಾನು ಹೊರಗೆ. ಚಾರಣದವರದು ದಸರೆಯಿಂದ ಶಿವರಾತ್ರಿಯವರೆಗೆ ಹೊರಗೆ. ನಾಟಕದವರಿಗೆ ಸುಗ್ಗಿ ಮುಗಿದ ಮೇಲಿನ ಜಾತ್ರೆಗಳು. ಒಬ್ಬರ ಬಾಗಿಲು ತೆರೆಯುವ ಕಾಲದಲ್ಲಿ ಇನ್ನೊಬ್ಬರು ಒಳಗೆ ಬರುವುದೇ ಇಲ್ಲ. ಖೋಲಿಗೆ ವರ್ಷವಿಡೀ ಯಾರಾದರೂ ಬಂದು ಹೋಗುತ್ತಿದ್ದರೆ ಅದೇ ದೊಡ್ಡ ಕಾವಲು. ಸೋರಿಕೆ, ಗೆದ್ದಲು, ಇಲಿ ಬೇಗ ಕಣ್ಣಿಗೆ ಬೀಳುತ್ತವೆ.

ನಿಯಮಗಳು ಕೆಲವೇ ಸಾಕು. ಪ್ರತಿ ಸಂಘಕ್ಕೂ ಬೇರೆ ಕಪಾಟು, ಬೇರೆ ಬಣ್ಣದ ಪಟ್ಟಿ. ಹೊರ ಬಾಗಿಲಿನ ಕೀಲಿಕೈ ಪ್ರತಿ ಸಂಘದ ಇಬ್ಬರ ಬಳಿ ಇರಲಿ. ಒಬ್ಬರ ಬಳಿ ಮಾತ್ರ ಇದ್ದರೆ ಅವರು ಊರಲ್ಲಿಲ್ಲದ ದಿನ ಸೋರುವ ಮಾಡಿನ ಕೆಳಗೆ ಸಾಮಾನು ನೆನೆಯುತ್ತದೆ. ಎಲ್ಲರ ಬಳಿ ಇದ್ದರೆ ಯಾರೂ ಹೊಣೆಯಲ್ಲ. ಒಯ್ದದ್ದು, ತಂದದ್ದು ವಹಿಯಲ್ಲಿ ಬರೆಯದೆ ಯಾವುದೂ ಬಾಗಿಲು ದಾಟಬಾರದು. ಹಸಿ ಸಾಮಾನು, ತಿನ್ನುವ ಪದಾರ್ಥ, ಇಂಧನ ಈ ಮೂರು ಒಳಗೆ ಬರಬಾರದು.

ಈಗ ಮಾಡಬೇಕಾದದ್ದು

ಖೋಲಿ ನೋಡಲು ಒಳ್ಳೆಯ ತಿಂಗಳು ಜುಲೈ. ಮಾರ್ಚ್‌ನಲ್ಲಿ ಎಲ್ಲ ಗೋಡೆಗಳೂ ಒಣಗಿಯೇ ಇರುತ್ತವೆ. ಬೇಸಿಗೆಯಲ್ಲೇ ನೋಡಬೇಕಾಗಿ ಬಂದರೆ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಉಕ್ಕಿದ ಗುರುತು, ಎದ್ದುನಿಂತ ಬಣ್ಣ, ಮುಚ್ಚಿದ ಬಾಗಿಲು ತೆರೆದ ಕ್ಷಣದ ವಾಸನೆ ಈ ಮೂರನ್ನು ಗಮನಿಸಿ. ಮೇ ಕೊನೆಯೊಳಗೆ ಎಲ್ಲ ಸಾಮಾನನ್ನು ಬಿಸಿಲಿಗೆ, ನೈಲಾನ್ ಮತ್ತು ಚರ್ಮವನ್ನು ನೆರಳಿಗೆ ಹಾಕಿ ಒಣಗಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬಾಗಿಲು ತೆಗೆದು ನೋಡುವ ಸರದಿಯ ಪಟ್ಟಿ ಮಾಡಿ.

ಇಷ್ಟರ ಜೊತೆ ಇನ್ನೊಂದು ಸಣ್ಣ ಕೆಲಸ ಉಳಿದಿದೆ. ಅದಕ್ಕೆ ಒಂದು ರೂಪಾಯಿಯೂ ಬೇಡ. ವರ್ಷದ ಸಭೆಯಲ್ಲಿ ಲೆಕ್ಕ ಓದುವಾಗ ‘ಖೋಲಿ ಬಾಡಿಗೆ’ ಎಂಬ ಸಾಲಿನ ಕೆಳಗೆ ‘ಇಟ್ಟಲ್ಲೇ ಕೆಟ್ಟ ಸಾಮಾನು’ ಎಂದು ಇನ್ನೊಂದು ಸಾಲು ಸೇರಿಸಿ, ಎರಡನ್ನೂ ಕೂಡಿಸಿ ಓದಿ. ಪಟ್ಟಿ ಕೊಟ್ಟ ಊರಿನ ಮುಂದೆ ಆ ಮೊತ್ತ ಗಟ್ಟಿಯಾಗಿ ಕೇಳಿಸಿದ ವರ್ಷವೇ ಸಂಘಕ್ಕೆ ಒಳ್ಳೆಯ ಖೋಲಿ ಸಿಗುತ್ತದೆ. ಯಾಕೆಂದರೆ ಆಗ ಹುಡುಕುವವರು ಇಬ್ಬರು ಪದಾಧಿಕಾರಿಗಳಾಗಿ ಉಳಿಯುವುದಿಲ್ಲ, ಇಡೀ ಓಣಿಯೇ ಹುಡುಕಲು ನಿಲ್ಲುತ್ತದೆ.